ಡಾಂಬರಿಗೋ ಜಲ್ಲಿಗೋ: ರಸ್ತೆಗೆ ಪ್ಲಾಸ್ಟಿಕ್ ಸೇರಿದ ಬಗೆ

ಡಾಂಬರಿನ ಗುಣ ಹೆಚ್ಚಿಸಲು ಬೆರೆಸುವ ವಸ್ತುಗಳ ಚರಿತ್ರೆ ಬರೆಯುವವರು ರಬ್ಬರು, ಪಾಲಿಮರು, ತ್ಯಾಜ್ಯ ಪ್ಲಾಸ್ಟಿಕ್ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ವಾಡಿಕೆ. ಪ್ಲಾಸ್ಟಿಕ್ಕನ್ನು ಆ ಸಾಲಿನಿಂದ ಬೇರೆಯಾಗಿಯೇ ನೋಡಬೇಕೆಂಬುದು ನನ್ನ ವಾದ. ನಮ್ಮಲ್ಲಿ ಕೊನೆಗೆ ನೆಲೆನಿಂತ ಕ್ರಮದಲ್ಲಿ ಅದು ಮೊದಲು ಸೇರುವುದು ಡಾಂಬರಿಗಲ್ಲ, ಜಲ್ಲಿಗೆ.

ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಪೆಡಸಾಗುತ್ತದೆ. ಅದರ ಮೆದುತನ ಅಳೆಯಲು 25 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಡಾಂಬರಿನೊಳಕ್ಕೆ 100 ಗ್ರಾಂ ಭಾರದ ಸೂಜಿಯನ್ನು 5 ಸೆಕೆಂಡು ಇಳಿಬಿಡುತ್ತಾರೆ. 80/100 ಎಂಬ ಹಳೆಯ ದರ್ಜೆಯೆಂದರೆ ಸೂಜಿ 8ರಿಂದ 10 ಮಿಲಿಮೀಟರ್ ಇಳಿಯಿತು ಎಂದಷ್ಟೆ. ಚೈತ್ರದ ಮಧ್ಯಾಹ್ನ ಲಾರಿಯ ಗಾಲಿಯಡಿ ಅದೇ ಡಾಂಬರು ಹೇಗೆ ವರ್ತಿಸುತ್ತದೆಂದು ಈ ಸೂಜಿ ಹೇಳಲಾರದು. 2006ರಲ್ಲಿ ಭಾರತ ಸ್ನಿಗ್ಧತೆ ಆಧರಿಸಿದ ವಿ.ಜಿ. ದರ್ಜೆಗಳಿಗೆ ಹೊರಳಿದ್ದು ಈ ಕೊರತೆ ನೀಗಿಸಲೆಂದೇ.

ಡಾಂಬರನ್ನೇ ತಿದ್ದುವ ಯತ್ನ ಅದಕ್ಕಿಂತ ಹಳೆಯದು. ಅಮೆರಿಕದ ಫೀನಿಕ್ಸ್ ನಗರದ ಎಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ 1960ರ ದಶಕದಲ್ಲಿ ಹಳೆಯ ಟೈರಿನ ರಬ್ಬರು ಪುಡಿಯನ್ನು ಕಾದ ಡಾಂಬರಿಗೆ ಬೆರೆಸಿದರು. ಪುಡಿ ಡಾಂಬರಿನ ಹಗುರ ಎಣ್ಣೆಯಂಶ ಹೀರಿ ಉಬ್ಬುತ್ತದೆ, ಇಡೀ ದ್ರವ ಮಂದವಾಗುತ್ತದೆ. ಆಮೇಲೆ ಬಳಕೆಗೆ ಬಂದ ಎಸ್‌ಬಿಎಸ್ (ಸ್ಟೈರೀನ್-ಬ್ಯುಟಾಡೈಯೀನ್-ಸ್ಟೈರೀನ್) ಎಂಬ ಪಾಲಿಮರು ಡಾಂಬರಿನೊಳಗೆ ಬಲೆಯಂತೆ ಹಬ್ಬಿ, ಎಳೆದರೆ ಹಿಂದಕ್ಕೆ ಸೇದುವ ಗುಣ ಕೊಡುತ್ತದೆ. ಎರಡರಲ್ಲೂ ಬದಲಾಗುವುದು ಡಾಂಬರೇ.

ಕೈಚೀಲದ ಪ್ಲಾಸ್ಟಿಕ್ ಹಾಗಲ್ಲ. ಪಾಲಿಥಿನ್ ಡಾಂಬರಿಗಿಂತ ಹಗುರ, ಅದರೊಡನೆ ಸುಲಭವಾಗಿ ಒಂದಾಗುವುದೂ ಇಲ್ಲ. ಕಲಕುವುದು ನಿಲ್ಲಿಸಿದರೆ ಮೇಲಕ್ಕೆ ತೇಲಿ ಕೆನೆಗಟ್ಟುತ್ತದೆ. ಆದರೂ ಪ್ಲಾಸ್ಟಿಕ್ಕನ್ನು ಡಾಂಬರಿಗೇ ಬೆರೆಸುವ ದಾರಿಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಉದ್ಯಮಿ ಅಹ್ಮದ್ ಖಾನ್ ಸಂಸ್ಕರಿಸಿದ ತ್ಯಾಜ್ಯ ಪ್ಲಾಸ್ಟಿಕ್ಕನ್ನು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದ ಜಸ್ಟೊ ಮತ್ತು ವೀರರಾಘವನ್ ಪರೀಕ್ಷಿಸಿದರು. ಡಾಂಬರಿನ ತೂಕದ ಶೇ. 8ರಷ್ಟು ಬೆರೆಸಿದಾಗ ಮಿಶ್ರಣದ ಬಲ ಗಮನಾರ್ಹವಾಗಿ ಹೆಚ್ಚಿತೆಂದು 2002ರಲ್ಲಿ ವರದಿ ಮಾಡಿದರು. ನಗರದ ರಸ್ತೆಗಳಿಗೂ ಅದು ಇಳಿಯಿತು.

ಅದೇ ಹೊತ್ತಿಗೆ ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ಬೆರೆಸುವ ಕ್ರಮವನ್ನೇ ತಿರುಗುಮುರುಗು ಮಾಡಿದರು. ಸುಮಾರು 165 ಡಿಗ್ರಿಗೆ ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿದರೆ ಅರೆ ನಿಮಿಷದೊಳಗೆ ಕರಗಿ, ಒರಟು ಕಲ್ಲಿಗೆ ಎಣ್ಣೆ ಸವರಿದ ಹೊಳಪು ಬರುತ್ತದೆ. ಡಾಂಬರು ಬೀಳುವುದು ಆಮೇಲೆ. ಬೇರ್ಪಡುವ ತೊಡಕು ಇಲ್ಲಿ ಹುಟ್ಟುವುದೇ ಇಲ್ಲ.

ನಮ್ಮ ನಾಡಿಗೆ ಇದರ ಬೆಲೆ ಇನ್ನೊಂದು ಕಾರಣಕ್ಕೆ ಹೆಚ್ಚು. ದಕ್ಷಿಣ ಕರ್ನಾಟಕದ ಜಲ್ಲಿ ಬಹುಪಾಲು ಗ್ರಾನೈಟ್, ನೈಸ್ ಶಿಲೆಗಳದು. ಸಿಲಿಕಾ ತುಂಬಿದ ಇಂಥ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಮಳೆಗಾಲದಲ್ಲಿ ನೀರು ನಡುವೆ ನುಸುಳಿ ಡಾಂಬರನ್ನು ಕಲ್ಲಿನಿಂದ ಬಿಡಿಸುತ್ತದೆ, ಜಲ್ಲಿ ಕಿತ್ತು ಗುಂಡಿಯಾಗುತ್ತದೆ. ಕಲ್ಲಿಗೆ ಹೊದೆಸಿದ ಪ್ಲಾಸ್ಟಿಕ್ ಪದರ ನೀರನ್ನು ತಡೆಯುವುದು ಇದೇ ಜಾಗದಲ್ಲಿ.

ಡಾಂಬರಿಗೆ ಬೆರೆಸುವುದು ಬೇರೆ, ಜಲ್ಲಿಗೆ ಹೊದೆಸುವುದು ಬೇರೆ ಎಂಬ ಭೇದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೈಪಿಡಿಗಳಲ್ಲೂ ಉಳಿದಿದೆ. ಪಾಲಿಮರು, ರಬ್ಬರು ಬೆರೆತ ಡಾಂಬರಿಗೆ ಎಸ್‌ಪಿ 53 ಇದೆ. ತ್ಯಾಜ್ಯ ಪ್ಲಾಸ್ಟಿಕ್ಕನ್ನು ಮೊದಲು ಜಲ್ಲಿಗೆ ಸೇರಿಸುವ ಕ್ರಮಕ್ಕೆ, ಅಂದರೆ ಒಣ ವಿಧಾನಕ್ಕೆ, 2013ರಲ್ಲಿ ಎಸ್‌ಪಿ 98 ಎಂಬ ಬೇರೆಯೇ ಕೈಪಿಡಿ ಬಂತು. ಕಾಯಿಸಿದರೆ ಕ್ಲೋರಿನ್‌ಯುಕ್ತ ವಿಷಾನಿಲ ಬಿಡುವ ಪಿವಿಸಿಯನ್ನು ಅದು ಹೊರಗಿಟ್ಟಿದೆ.