ಕೋಟೆಯೊಳಗಿನ ಓದುಗರು

ಮುಂಬಯಿಯ ಫೋರ್ಟಿನಲ್ಲಿ ಈಗ ಕೋಟೆಯಿಲ್ಲ. ಅದರ ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಿದರು. ಹೆಸರು ಮಾತ್ರ ಉಳಿಯಿತು. ಆ ಹೆಸರಿನಡಿಯಲ್ಲಿ ಬ್ಯಾಂಕು, ಕಚೇರಿ, ಹೋಟೆಲುಗಳು ಬೆಳೆದವು. ಅವುಗಳ ಬೆನ್ನಿಗೇ ನಮ್ಮ ಕನ್ನಡಿಗರೂ ಬಂದರು. ಹೊಟ್ಟೆಪಾಡಿಗೆ ಬಂದವರು ಓದಿದ್ದೇನು ಎಂದು ವಾಚಕರು ಕೇಳಿಯಾರು. ಬ್ಯಾಂಕಿನ ಗುಮಾಸ್ತರಾದ ನಮಗೂ ಆ ಕುತೂಹಲವಿತ್ತು.

ನಾವು ದಿನವೂ ಹಾದುಹೋಗುವ ಟೌನ್ ಹಾಲಿನಲ್ಲಿ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. 1804ರಲ್ಲಿ ಸರ್ ಜೇಮ್ಸ್ ಮ್ಯಾಕಿಂಟಾಷ್ ಕಟ್ಟಿದ ಸಾಹಿತ್ಯ ಸಂಘವೇ ಅದರ ಮೂಲ. ಬಹುಕಾಲ ಅದು ಬಿಳಿಯರ ಮನೆ. ಮಾಣೆಕ್‌ಜಿ ಕರ್ಸೆಟ್‌ಜಿಯವರು 1840ರಲ್ಲಿ ಸದಸ್ಯರಾದ ಮೇಲೆಯೇ ಭಾರತೀಯರಿಗೆ ಬಾಗಿಲು ತೆರೆಯಿತು. ಆದರೆ ನಮಗೆ ಹೆಚ್ಚು ಪ್ರಿಯವಾದುದು ಸಸೂನ್ ಲೈಬ್ರರಿಯ ಕಥೆ. 1847ರಲ್ಲಿ ಅದನ್ನು ಆರಂಭಿಸಿದವರು ಪಂಡಿತರಲ್ಲ, ಟಂಕಸಾಲೆ ಮತ್ತು ಹಡಗುಕಟ್ಟೆಯ ಕುಶಲಕರ್ಮಿಗಳು. ಈಗಿನ ಕಟ್ಟಡವಾದುದು 1870ರಲ್ಲಿ. ದುಡಿದು ದಣಿದವನಿಗೆ ಪುಸ್ತಕ ಬೇಡವೆಂದವರಾರು?

ಇನ್ನೊಂದು ಸಂಗತಿ ನಮ್ಮವರಲ್ಲಿ ಹಲವರಿಗೆ ತಿಳಿಯದು. 1954ರ ಕಾನೂನಿನ ಮೇರೆಗೆ, ದೇಶದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿಯನ್ನು ಕಲಕತ್ತೆಗೆ, ಮದರಾಸಿಗೆ, ಹಾಗೆಯೇ ಮುಂಬಯಿಯ ಕೇಂದ್ರ ಗ್ರಂಥಾಲಯಕ್ಕೆ ಪ್ರಕಾಶಕರು ಕಳುಹಿಸಬೇಕು. ಕನ್ನಡದ ಪುಸ್ತಕಕ್ಕೂ ಇದೇ ನಿಯಮ. ಎರಡು ವರ್ಷ ಕಳೆದು 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ರಾಜ್ಯದಿಂದ ಹೊರಟು ತಮ್ಮ ಮನೆ ಸೇರಿದವು. ನಾಡು ಒಂದಾಯಿತು, ನಾವು ಹೊರಗುಳಿದೆವು. ಪುಸ್ತಕಗಳಿಗೆ ಮಾತ್ರ ಕಾನೂನಿನ ದಾರಿ ತೆರೆದೇ ಇತ್ತು!

ಪುಸ್ತಕ ಮಾರಿದವರನ್ನೂ ನೆನೆಯಬೇಕು. ಟಿ. ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದ ಒಂದು ಮೂಲೆಯಲ್ಲಿ ಅಂಗಡಿ ತೆರೆದು, ಮುಂದೆ ಅದನ್ನು ಫೋರ್ಟಿಗೆ ತಂದರು. (ಶಾನಭಾಗನೆಂದರೆ ನಮ್ಮ ಕಡೆ ಊರಿನ ಲೆಕ್ಕ ಬರೆಯುವವನು, ಆ ಲೆಕ್ಕದಲ್ಲಿ ಅವರು ನಮ್ಮ ವೃತ್ತಿಬಂಧುಗಳೇ.) ಕೊಳ್ಳದೆ ನಿಂತು ಓದುವವರನ್ನೂ ಅಲ್ಲಿ ಗದರುತ್ತಿರಲಿಲ್ಲ. ಸರಕಾರ 2003ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟಿತು. 2018ರ ಫೆಬ್ರುವರಿಯಲ್ಲಿ ಅಂಗಡಿ ಮುಚ್ಚಿತು. ಊಟದ ಬಿಡುವಿನಲ್ಲಿ ಅಲ್ಲಿಗೆ ಓಡುತ್ತಿದ್ದ ನಮಗೆ ಆ ವಾರವೆಲ್ಲ ಡಬ್ಬಿಯ ಅನ್ನ ರುಚಿಸಲಿಲ್ಲ.

ಆದರೆ ಅಲ್ಲಿ ದೊರೆಯುತ್ತಿದ್ದುದು ಹೆಚ್ಚಾಗಿ ಇಂಗ್ಲಿಷ್. ಕನ್ನಡದ ಪುಸ್ತಕ ಬರಬೇಕಾದರೆ ಊರಿನಿಂದ ಬರುವವರ ಟ್ರಂಕಿನಲ್ಲಿ, ಇಲ್ಲವೆ ಟಪಾಲಿನಲ್ಲಿ. ಧಾರವಾಡದ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕ ಕಳುಹಿಸುವ ಪದ್ಧತಿಯಿಂದಲೇ ಬೆಳೆಯಿತು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತ ಹುಡುಗರು ಫೋರ್ಟಿನಲ್ಲಿದ್ದರು. ಒಬ್ಬನ ಕೈಯ ಪುಸ್ತಕ ಹತ್ತು ಜನರ ಓದಾಗುತ್ತಿತ್ತೆಂದೂ, ಅಕ್ಷರ ಬಾರದವರಿಗೆ ಬಂದವನು ಗಟ್ಟಿಯಾಗಿ ಓದಿ ಹೇಳುತ್ತಿದ್ದನೆಂದೂ ನಮ್ಮ ಹಿರಿಯರು ಹೇಳುತ್ತಿದ್ದರು.

ನಾವೂ ಐದಾರು ಗೆಳೆಯರು, ಬೇರೆ ಬೇರೆ ಬ್ಯಾಂಕಿನವರು, ಒಂದು ನೋಟುಬುಕ್ಕು ಇಟ್ಟಿದ್ದೇವೆ: ಯಾರು, ಯಾವ ಪುಸ್ತಕ, ಒಯ್ದ ತಾರೀಖು. ‘ಈಗೇನು ಓದುತ್ತಿದ್ದೀರಿ?’ ಎಂಬುದೇ ನಮ್ಮ ನಮಸ್ಕಾರ. ಅತಿ ಹೆಚ್ಚು ಕೈ ಬದಲಾಯಿಸಿದ್ದು ಯಶವಂತ ಚಿತ್ತಾಲರ ‘ಶಿಕಾರಿ’ (1979). ಮುಂಬಯಿಯಲ್ಲೇ ಉದ್ಯೋಗದಲ್ಲಿದ್ದ ಚಿತ್ತಾಲರು ಕಚೇರಿಯ ಒಳಸಂಚುಗಳನ್ನು ಹೇಗೆ ಬಲ್ಲರೆಂದು ನಾವು ಬೆರಗಾಗಬೇಕಿಲ್ಲ! ಹಿಂದಿರುಗದ ಪುಸ್ತಕಗಳೂ ಕೆಲವಿವೆ. ವಸೂಲಾಗದ ಸಾಲವೆಂದು ಬರೆದಿಟ್ಟಿದ್ದೇವೆ.

ನಮ್ಮ ಮಗಳಿಗೆ ಏಳು ವರ್ಷ. ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಅಕ್ಷರ ಬಾರದು. ರಾತ್ರಿ ಊಟವಾದ ಮೇಲೆ ನಾವು ಓದುತ್ತೇವೆ, ಅವಳು ಕೇಳುತ್ತಾಳೆ. ಕಳೆದ ಶನಿವಾರ ಆ ನೋಟುಬುಕ್ಕು ಮನೆಗೆ ಬಂದಿತ್ತು. ತನ್ನ ಹೆಸರನ್ನೂ ಅದರಲ್ಲಿ ಬರೆಯಬೇಕೆಂದು ಹಠ ಹಿಡಿದಳು. ‘ನೀನೇ ಬರಿ’ ಎಂದೆವು. ಪೆನ್ಸಿಲ್ ಹಿಡಿದು ನಮ್ಮ ಮುಖ ನೋಡಿದಳು. ಮೊದಲಿನ ಅಕ್ಷರವನ್ನು ಕೈ ಹಿಡಿದು ತಿದ್ದಿಸಿದ್ದೇವೆ. ಉಳಿದ ಎರಡು ಈ ವಾರ.