ಹಳೆಯ ಫ್ಲ್ಯಾಟಿನ ನವೀಕರಣ: ಸುತ್ತಿಗೆ ಎತ್ತುವ ಮುನ್ನ ತಿಳಿದಿರಬೇಕಾದ ಸಂಗತಿಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಅನುಭವದ ಮಾತು. ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ನೆಲೆನಿಂತ ಅನೇಕ ಕನ್ನಡ ಕುಟುಂಬಗಳು ಸ್ವತಃ ಮನೆ ಕಟ್ಟಿದವಲ್ಲ. ಹೌಸಿಂಗ್ ಸೊಸೈಟಿಯ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡು ದಶಕಗಳಿಂದ ಬಾಳುತ್ತಿರುವವು. ಮಗನ ಮದುವೆ ಅಥವಾ ನಿವೃತ್ತಿಯ ಸಂದರ್ಭದಲ್ಲಿ ಅಂತಹ ಮನೆಗೆ ಹೊಸ ರೂಪ ಕೊಡುವ ಆಲೋಚನೆ ಸಹಜವಾಗಿ ಮೂಡುತ್ತದೆ. ಈ ಕಾರ್ಯದಲ್ಲಿ ಅತಿ ದುಬಾರಿಯಾಗಿ ಪರಿಣಮಿಸುವ ತಪ್ಪುಗಳು ಕಂಬ, ಕೊಳವೆ, ತಂತಿಗಳಂತಹ ಕಣ್ಣಿಗೆ ಮರೆಯಾದ ಭಾಗಗಳಲ್ಲಿಯೇ ಹೆಚ್ಚು. ಆದುದರಿಂದ ಅಲಂಕಾರಕ್ಕೆ ಹಣ ತೆಗೆದಿಡುವ ಮೊದಲು ಈ ಭಾಗಗಳಿಗೆ ತೆಗೆದಿಡುವುದು ವಿವೇಕ.

ಕಟ್ಟಡ ಎಲ್ಲರದು

ಫ್ಲ್ಯಾಟಿನ ಒಳಗೆ ಹಾದುಹೋಗುವ ಕಂಬ ಮತ್ತು ತೊಲೆಗಳು ಇಡೀ ಕಟ್ಟಡದ ಭಾರವನ್ನು ಹೊತ್ತಿರುತ್ತವೆ. 2017ರ ಜುಲೈ 25ರಂದು ಘಾಟ್‌ಕೋಪರ್ ಪಶ್ಚಿಮದಲ್ಲಿ ನಾಲ್ಕು ಮಹಡಿಗಳ ವಸತಿ ಕಟ್ಟಡವೊಂದು ಕುಸಿದು 17 ಮಂದಿ ಮೃತಪಟ್ಟರು. ಆಗ ಅದರ ನೆಲ ಅಂತಸ್ತಿನಲ್ಲಿ ನವೀಕರಣ ನಡೆಯುತ್ತಿತ್ತು. ಆಧಾರ ಕಂಬಗಳಿಗೆ ಕೈಹಚ್ಚಿದ್ದೇ ದುರಂತಕ್ಕೆ ಕಾರಣವೆಂಬ ಆರೋಪ ಕೇಳಿಬಂದಿತು.

ಕಾಂಕ್ರೀಟ್ ಚೌಕಟ್ಟಿನ ಕಟ್ಟಡದಲ್ಲಿ ಕೋಣೆಗಳ ನಡುವಿನ ಗೋಡೆ ಸಾಮಾನ್ಯವಾಗಿ ಭಾರ ಹೊರುವುದಿಲ್ಲ. ಆದರೆ ಹಳೆಯ ಚಾಳು ಹಾಗೂ ಚಿಕ್ಕ ಕಟ್ಟಡಗಳಲ್ಲಿ ಗೋಡೆಗಳೇ ಮಾಳಿಗೆಯನ್ನು ಹೊತ್ತಿರುವುದುಂಟು. ಈ ವ್ಯತ್ಯಾಸವನ್ನು ಗೋಡೆ ತಟ್ಟಿ ಹೇಳುವ ಮೇಸ್ತ್ರಿಯ ಮಾತಿನ ಮೇಲೆ ನಿರ್ಧರಿಸಬಾರದು. ಮೂಲ ನಕ್ಷೆಯನ್ನು ಸೊಸೈಟಿಯಿಂದ ಪಡೆದು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸತಕ್ಕದ್ದು. ಅವರಿಗೆ ಕೊಡುವ ಶುಲ್ಕ ಒಟ್ಟು ವೆಚ್ಚದಲ್ಲಿ ಅತ್ಯಲ್ಪ.

ಮುಂಬಯಿ ಮಹಾನಗರಪಾಲಿಕೆ ಅಧಿನಿಯಮ 1888ರ 353-ಬಿ ಕಲಮಿನಂತೆ 30 ವರ್ಷ ಮೀರಿದ ಕಟ್ಟಡಗಳ ದೃಢತೆಯನ್ನು ನೋಂದಾಯಿತ ಇಂಜಿನಿಯರ್‌ರಿಂದ ಪರೀಕ್ಷಿಸಬೇಕು. ಆ ವರದಿಯಲ್ಲಿ ಕಟ್ಟಡ ದುರ್ಬಲವೆಂದು ಕಂಡುಬಂದಿದ್ದರೆ, ಅಥವಾ ಪುನರ್ನಿರ್ಮಾಣದ ಮಾತುಕತೆ ನಡೆದಿದ್ದರೆ, ದೊಡ್ಡ ಮೊತ್ತ ತೊಡಗಿಸುವುದನ್ನು ಮುಂದೂಡುವುದೇ ಲೇಸು.

ಭಾರದ ಲೆಕ್ಕ

ವಾಸದ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರವನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಹಳೆಯ ನೆಲವನ್ನು ತೆಗೆಯದೆ ಅದರ ಮೇಲೆಯೇ 5 ಸೆಂಟಿಮೀಟರ್ ಗಾರೆ ಹಾಸಿ ವಿಟ್ರಿಫೈಡ್ ಟೈಲ್ಸ್ ಕೂರಿಸಿದರೆ ಪ್ರತಿ ಚದರ ಮೀಟರಿಗೆ 120 ಕಿಲೋಗಳಷ್ಟು ಹೊಸ ಭಾರ ಬೀಳುತ್ತದೆ. 50 ಚದರ ಮೀಟರಿನ ಮನೆಯಲ್ಲಿ ಇದು 6 ಟನ್‌ಗಳಾಯಿತು. ಇಟ್ಟಿಗೆಯ ತೆಳು ಗೋಡೆ ಕೂಡ ಎರಡೂ ಬದಿಯ ಗಿಲಾವು ಸೇರಿ ಪ್ರತಿ ಚದರ ಮೀಟರಿಗೆ 250 ಕಿಲೋ ದಾಟಬಲ್ಲದು. ಹೊಸ ಗೋಡೆ ಅನಿವಾರ್ಯವಾದಲ್ಲಿ ಹಗುರವಾದ ಎಎಸಿ ಬ್ಲಾಕ್ ಯೋಗ್ಯ.

ಬಾಲ್ಕನಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಬ್ಬಿಣದ ಸರಳುಗಳು ಮೇಲ್ಭಾಗದಲ್ಲಿರುತ್ತವೆ. ಟೈಲ್ಸ್ ಕೀಳುವಾಗ ಯಂತ್ರದಿಂದ ಆಳವಾಗಿ ಒಡೆದರೆ ಪೆಟ್ಟು ನೇರವಾಗಿ ಅವಕ್ಕೇ ಬೀಳುತ್ತದೆ. ವಿದ್ಯುತ್ ಕೊಳವೆಗಾಗಿ ತೊಲೆ, ಕಂಬಗಳನ್ನು ಕೊರೆಯುವುದೂ ಅಷ್ಟೇ ಅಪಾಯಕಾರಿ.

ಅನುಮತಿ

ಸೊಸೈಟಿಯ ಉಪವಿಧಿಗಳಂತೆ ಸದಸ್ಯರು ಫ್ಲ್ಯಾಟಿನಲ್ಲಿ ಮಾರ್ಪಾಟು ಮಾಡುವ ಮುನ್ನ ಆಡಳಿತ ಸಮಿತಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಕೆಲಸದ ವೇಳೆ, ಲಿಫ್ಟಿನ ಬಳಕೆ, ಅವಶೇಷಗಳ ಸಾಗಣೆ, ಠೇವಣಿ ಇವುಗಳ ನಿಯಮಗಳನ್ನೂ ಮೊದಲೇ ಕೇಳಿಕೊಳ್ಳುವುದು ಒಳಿತು.

ಮುಂಬಯಿಯಲ್ಲಿ ಗಿಲಾವು, ಬಣ್ಣ, ನೆಲದ ಟೈಲ್ಸ್ ಬದಲಾವಣೆ, ಶೌಚಾಲಯ ಹಾಗೂ ಕೊಳವೆಗಳ ದುರಸ್ತಿ ಮುಂತಾದವು ಸಾಮಾನ್ಯ ದುರಸ್ತಿಗಳೆನಿಸಿ, ಅವಕ್ಕೆ ಪಾಲಿಕೆಗೆ ಸೂಚನೆ ಕೊಡಬೇಕಾಗಿಲ್ಲ. ಆದರೆ ಭಾರ ಹೊರುವ ಗೋಡೆ ತೆಗೆಯುವುದು, ನೆಲವನ್ನು ತಗ್ಗಿಸುವುದು, ಕಟ್ಟಡದ ಅಳತೆ ಬದಲಿಸುವುದು, ಅಟ್ಟ ಸೇರಿಸುವುದು ಅಥವಾ ವಿಸ್ತರಿಸುವುದು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಅನುಮತಿಯಿಲ್ಲದೆ ಮಾಡಿದ್ದನ್ನು ಸ್ವಂತ ಖರ್ಚಿನಲ್ಲಿಯೇ ಕೆಡವಬೇಕಾಗಿ ಬರಬಹುದು. ಪುಣೆ, ಠಾಣೆ, ಕಲ್ಯಾಣ-ಡೊಂಬಿವಲಿಗಳ ನಿವಾಸಿಗಳು ತಮ್ಮ ಪಾಲಿಕೆಯ ನಿಯಮಗಳನ್ನು ವಿಚಾರಿಸತಕ್ಕದ್ದು.

ನೀರು

ನೆರೆಮನೆಯವರೊಂದಿಗಿನ ಮನಸ್ತಾಪಕ್ಕೆ ಬಚ್ಚಲಿನ ಸೋರಿಕೆಯಷ್ಟು ಕಾರಣವಾಗುವುದು ಬೇರೊಂದಿಲ್ಲ. ಮಹಾರಾಷ್ಟ್ರದ ಮಾದರಿ ಉಪವಿಧಿಗಳಂತೆ ಮಳೆನೀರು ಹಾಗೂ ಸಾಮಾನ್ಯ ಕೊಳವೆಗಳ ಸೋರಿಕೆ ಸೊಸೈಟಿಯ ಹೊಣೆ. ಮನೆಯೊಳಗಿನ ಶೌಚಾಲಯ, ಸಿಂಕ್ ಮೊದಲಾದವುಗಳ ಸೋರಿಕೆ ಸದಸ್ಯರದೇ ಹೊಣೆ. ಟೈಲ್ಸ್ ಬದಲಿಸಲು ಬಚ್ಚಲಿನ ನೆಲ ಒಡೆದಾಗ ಹಳೆಯ ಜಲನಿರೋಧಕ ಪದರವೂ ಹಾಳಾಗುತ್ತದೆ. ಹೊಸ ಪದರ ಹಾಕಿಸಿ, ನೀರು ಹೊರಹೋಗುವ ಬಾಯನ್ನು ಮುಚ್ಚಿ, ಕನಿಷ್ಠ 48 ಗಂಟೆ ನೀರು ನಿಲ್ಲಿಸಿ, ಕೆಳಮನೆಯ ಚಾವಣಿಯನ್ನು ನೋಡಿಬಂದ ನಂತರವೇ ಟೈಲ್ಸ್ ಕೂರಿಸಬೇಕು. ಬಚ್ಚಲು, ಶೌಚಾಲಯಗಳನ್ನು ಕೆಳಮನೆಯವರ ಅಡುಗೆಮನೆಯ ಅಥವಾ ದೇವರಮನೆಯ ಮೇಲೆ ಬರುವಂತೆ ಸ್ಥಳಾಂತರಿಸುವುದು ಸರ್ವಥಾ ಸಲ್ಲದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಿಲಾವು, ಬಣ್ಣಗಳು ಬೇಗ ಒಣಗುವುದಿಲ್ಲ, ಮರವೂ ಉಬ್ಬುತ್ತದೆ. ಗಣೇಶ ಚತುರ್ಥಿಗೆ ಮುಗಿಯಲೇಬೇಕೆಂದು ಮಳೆಯಲ್ಲಿ ಅವಸರ ಮಾಡುವ ಬದಲು ದೀಪಾವಳಿಯ ನಂತರ ಆರಂಭಿಸಿದರೆ ಕೆಲಸ ಗಟ್ಟಿಯಾಗಿ ಆಗುತ್ತದೆ.

ವಿದ್ಯುತ್ತು ಮತ್ತು ಮರ

ಮೂವತ್ತು ವರ್ಷಗಳ ಹಿಂದಿನ ತಂತಿಗಳನ್ನು ಹಾಕಿದಾಗ ಎಷ್ಟೋ ಮನೆಗಳಲ್ಲಿ ಏಸಿ, ಮೈಕ್ರೊವೇವ್‌ಗಳಿರಲಿಲ್ಲ. ಸಾಮಾನ್ಯವಾಗಿ ದೀಪ, ಫ್ಯಾನುಗಳಿಗೆ 1.5, ಪ್ಲಗ್‌ಗಳಿಗೆ 2.5, ಏಸಿ ಮತ್ತು ಗೀಸರ್‌ಗಳಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಬಳಸುತ್ತಾರೆ. ತಂತಿಯ ಮೇಲೆ ಐಎಸ್ 694 ಗುರುತು ಇರಲಿ. ಸೋರಿಕೆ ವಿದ್ಯುತ್ತಿನಿಂದ ಪ್ರಾಣ ಕಾಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂಡಿಸುವುದನ್ನು ಮರೆಯಬಾರದು. ಏಸಿಗಳ ಸಂಖ್ಯೆ ಹೆಚ್ಚುವುದಾದರೆ ವಿದ್ಯುತ್ ಕಂಪೆನಿಯಿಂದ ಮಂಜೂರಾದ ಲೋಡನ್ನೂ ಹೆಚ್ಚಿಸಿಕೊಳ್ಳಬೇಕು. ಸಿಂಕಿನ ಕೆಳಗಿನ ಕಪಾಟಿಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಯೋಗ್ಯ. ಒಣಕೋಣೆಯ ಕಪಾಟಿಗೆ ಅದೇ ಬೇಕೆಂಬ ನಿಯಮವಿಲ್ಲ.

ಹಣ ಮತ್ತು ಕಾಗದಪತ್ರ

‘ಎಲ್ಲ ಸೇರಿ ಇಷ್ಟು’ ಎಂಬ ಬಾಯಿಮಾತಿನ ಒಪ್ಪಂದವೇ ಮುಂದಿನ ಜಗಳದ ಬೀಜ. ಊರಿನವರು, ಪರಿಚಿತರು ಎಂಬ ದಾಕ್ಷಿಣ್ಯ ಇಲ್ಲಿ ಅಡ್ಡಿಯಾಗಬಾರದು. ಒಂದೇ ಪಟ್ಟಿಯನ್ನು ಮೂವರು ಗುತ್ತಿಗೆದಾರರಿಗೆ ಕೊಟ್ಟು, ಪ್ರತಿ ಕೆಲಸದ ಅಳತೆ, ದರ, ಸಾಮಗ್ರಿಯ ಕಂಪೆನಿ ಮತ್ತು ದರ್ಜೆ, ಅವಶೇಷ ಸಾಗಿಸುವ ವೆಚ್ಚ, ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದನ್ನು ಬರೆಸಿಕೊಳ್ಳಬೇಕು. ನೋಂದಾಯಿತ ಗುತ್ತಿಗೆದಾರರ ಇಂತಹ ಕೆಲಸಕ್ಕೆ ಸಾಮಾನ್ಯವಾಗಿ ಶೇ. 18ರಷ್ಟು ಜಿಎಸ್‌ಟಿ ಬರುತ್ತದೆ. ಐದು ಲಕ್ಷದ ಕೆಲಸದಲ್ಲಿ ಇದೇ 90,000 ರೂಪಾಯಿ. ಹಳೆಯ ಗೋಡೆ ಒಡೆದ ಮೇಲೆ ಹೊರಬೀಳುವ ತುಕ್ಕು, ಒಡಕು ಕೊಳವೆಗಳಿಗಾಗಿ ಅಂದಾಜಿನ ಶೇ. 10ರಿಂದ 15ರಷ್ಟು ಹಣ ಬೇರೆ ಇಟ್ಟಿರಬೇಕು. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಟ್ಟು, ಕೊನೆಯ ಶೇ. 5ರಿಂದ 10ರಷ್ಟನ್ನು ನೀರು, ವಿದ್ಯುತ್ತಿನ ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಳ್ಳುವುದು ಕ್ಷೇಮ. ಕೆಲಸದ ಮಧ್ಯೆ ಸೂಚಿಸುವ ಬದಲಾವಣೆಗಳ ದರವನ್ನೂ ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಬೇಕು.

ಗೋಡೆ, ನೆಲಗಳನ್ನು ಮುಚ್ಚುವ ಮೊದಲು ಕೊಳವೆ ಮತ್ತು ತಂತಿಗಳು ಹಾದುಹೋಗುವ ದಾರಿಯ ಛಾಯಾಚಿತ್ರ ತೆಗೆದಿಡುವುದು ಉತ್ತಮ ಅಭ್ಯಾಸ. ಮುಂದೆ ಮೊಳೆ ಹೊಡೆಯುವಾಗಲೂ ಸೋರಿಕೆ ಹುಡುಕುವಾಗಲೂ ಅದು ನೆರವಾಗುತ್ತದೆ. ಅನುಮತಿ ಪತ್ರ, ಬಿಲ್ಲು, ರಶೀದಿಗಳನ್ನು ಒಂದೇ ಕಡತದಲ್ಲಿರಿಸಿ. ಮನೆಯನ್ನು ಮಾರುವ ಸಂದರ್ಭ ಬಂದರೆ, ಬಂಡವಾಳ ಲಾಭದ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ದುರಸ್ತಿಗಳನ್ನು ಬಿಟ್ಟು ಸುಧಾರಣೆಗೆ ಮಾಡಿದ ವೆಚ್ಚವನ್ನು ಕಳೆಯಲು ಅವಕಾಶವಿದೆ. ಆಗ ಆಧಾರವಾಗಿ ತೋರಿಸಬೇಕಾದದ್ದು ಈ ರಶೀದಿಗಳನ್ನೇ.