ಎರಡು ಚಿತ್ರ, ಒಂದು ನೋಟ



ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೊರಟರೆ ನಮ್ಮ ಕೈ ತಡವರಿಸುತ್ತದೆ. ನಮ್ಮ ಕಣ್ಣುಗಳ ನಡುವಣ ಅಂತರ ಸುಮಾರು ಎರಡೂವರೆ ಅಂಗುಲ. ಆದ್ದರಿಂದ ಒಂದೇ ವಸ್ತುವಿನ ತುಸು ಭಿನ್ನವಾದ ಎರಡು ಬಿಂಬಗಳು ನಮಗೆ ದೊರೆಯುತ್ತವೆ. ಅವನ್ನು ಬೆಸೆದು ಮಿದುಳು ಆಳವನ್ನು ಗ್ರಹಿಸುತ್ತದೆ. 1838ರಲ್ಲಿ ಈ ತತ್ತ್ವವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದವರು ಚಾರ್ಲ್ಸ್ ವೀಟ್‌ಸ್ಟನ್. ಎರಡು ಕನ್ನಡಿಗಳಿಂದ ಅವರು ರಚಿಸಿದ ಉಪಕರಣವೇ ಸ್ಟೀರಿಯೊಸ್ಕೋಪ್. 1849ರಲ್ಲಿ ಡೇವಿಡ್ ಬ್ರೂಸ್ಟರ್ ಕನ್ನಡಿಗಳ ಬದಲು ಮಸೂರಗಳನ್ನಿಟ್ಟು ಅದನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದರು. ಬಹುಬೇಗ ಅದು ಮನೆಮನೆಯ ವಿನೋದವಾಯಿತು.

ಈ ವಿನೋದದ ವಸ್ತು ಎರಡನೆಯ ಮಹಾಯುದ್ಧದಲ್ಲಿ ಗಂಭೀರವಾದ ಕೆಲಸಕ್ಕೆ ನಿಂತಿತು. ವಿಮಾನವು ನೇರವಾಗಿ ಹಾರುತ್ತ ಒಂದರ ಹಿಂದೊಂದು ಛಾಯಾಚಿತ್ರ ತೆಗೆಯುವಾಗ ಪ್ರತಿ ಚಿತ್ರವೂ ಹಿಂದಿನದರ ಶೇಕಡ 60ರಷ್ಟು ಭಾಗವನ್ನು ಮತ್ತೆ ಒಳಗೊಳ್ಳುತ್ತದೆ. ಅಂತಹ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿರಿಸಿ, ಗಿಡ್ಡ ಕಾಲುಗಳ ಮೇಲೆ ನಿಂತ ಜೋಡಿ ಮಸೂರಗಳ ಮೂಲಕ ನೋಡಿದರೆ ಕಟ್ಟಡಗಳೂ ಮರಗಳೂ ಕಾಗದದಿಂದ ಮೇಲೆದ್ದು ನಿಲ್ಲುತ್ತವೆ. ನೂರಾರು ಗಜಗಳ ಅಂತರದಲ್ಲಿ ಕಣ್ಣುಗಳುಳ್ಳ ದೈತ್ಯನೊಬ್ಬ ನೋಡಿದಂತೆ ಎತ್ತರಗಳು ಉತ್ಪ್ರೇಕ್ಷೆಗೊಂಡು ತೋರುತ್ತವೆ.

ಥೇಮ್ಸ್ ನದಿಯ ಬಳಿಯ ಮೆಡ್ಮನ್‌ಹ್ಯಾಮ್‌ನಲ್ಲಿ 1941ರಿಂದ ಬ್ರಿಟಿಷ್ ವಾಯುಪಡೆಯ ಚಿತ್ರಪರಿಶೀಲಕರು ಇದೇ ಕಾರ್ಯದಲ್ಲಿ ನಿರತರಾಗಿದ್ದರು. ಅವರಲ್ಲಿ ಮಹಿಳೆಯರು ಬಹುಸಂಖ್ಯೆಯಲ್ಲಿದ್ದರು. ಬಾಲ್ಟಿಕ್ ಸಮುದ್ರತೀರದ ಪೀನೆಮುಂಡೆಯಲ್ಲಿ ಜರ್ಮನರು ರಾಕೆಟ್ಟುಗಳನ್ನು ಸಿದ್ಧಪಡಿಸುತ್ತಿದ್ದುದು 1943ರ ಚಿತ್ರಗಳಿಂದ ಖಚಿತವಾಯಿತು. ಅದೇ ವರ್ಷದ ಆಗಸ್ಟ್ 17ರ ರಾತ್ರಿ ಸುಮಾರು 600 ಬಾಂಬರುಗಳು ಅಲ್ಲಿಗೆ ಹೊರಟವು, 40 ಮರಳಲಿಲ್ಲ. ನವೆಂಬರಿನಲ್ಲಿ ಕಾನ್ಸ್‌ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಅಧಿಕಾರಿಣಿ ಪೀನೆಮುಂಡೆಯ ಚಿತ್ರಗಳಲ್ಲಿ, ಇಳಿಜಾರು ಹಲಗೆಯಂತಹ ಉಡಾವಣಾ ಕಟ್ಟೆಯ ಮೇಲೆ ಶಿಲುಬೆಯಾಕಾರದ ಒಂದು ಸಣ್ಣ ಚುಕ್ಕೆಯನ್ನು ಗುರುತಿಸಿದರು. ಅದು ಚಾಲಕನಿಲ್ಲದೆ ಹಾರುವ ವಿ-1 ಬಾಂಬು. ಅಂತಹವೇ ಕಟ್ಟೆಗಳು ಉತ್ತರ ಫ್ರಾನ್ಸಿನಲ್ಲಿ ಲಂಡನ್ನಿನತ್ತ ಮುಖಮಾಡಿ ಏಳುತ್ತಿದ್ದುದು ಇದರಿಂದ ಅರ್ಥವಾಯಿತು. ಡಿಸೆಂಬರಿನಿಂದ ಅವುಗಳ ಮೇಲೆ ದಾಳಿ ನಡೆಯಿತು. ಆದರೂ 1944ರ ಜೂನ್ 13ರಂದು ಮೊದಲ ವಿ-1 ಲಂಡನ್ನಿಗೆ ಬಂದು ಬಿದ್ದಿತು. ಆಪತ್ತು ತಪ್ಪಲಿಲ್ಲ, ತಡವಾಯಿತು. ಆ ತಿಂಗಳುಗಳ ಬೆಲೆ ಎಷ್ಟು ಜೀವಗಳೆಂದು ಲೆಕ್ಕ ಹಾಕಿದವರಿಲ್ಲ.

ಈ ಇತಿಹಾಸದ ಮತ್ತೊಂದು ಮುಖವನ್ನೂ ನಾವು ಮರೆಯಲಾಗದು. ಆಗಸ್ಟಿನ ಆ ರಾತ್ರಿ ಗುರಿಸೂಚಕ ದೀಪಗಳಲ್ಲಿ ಮೊದಲು ಬಿದ್ದವು ದಕ್ಷಿಣಕ್ಕೆ ಸರಿದವು. ಬಾಂಬುಗಳು ಟ್ರಾಸನ್‌ಹೈಡ್ ಎಂಬಲ್ಲಿನ ಕಾರ್ಮಿಕ ಶಿಬಿರದ ಮೇಲೆ ಸುರಿದವು. ಪರದೇಶಗಳಿಂದ ಬಲವಂತವಾಗಿ ದುಡಿಮೆಗೆ ಎಳೆತಂದಿದ್ದ ನೂರಾರು ಮಂದಿ ಅಲ್ಲಿ ಮಡಿದರು. ಮಾಡಿನ ಎತ್ತರವನ್ನು ಮಸೂರವು ತಿಳಿಸಬಲ್ಲದು. ಅದರ ಕೆಳಗೆ ಮಲಗಿದವರು ಯಾರೆಂದು ತಿಳಿಸಲಾರದು. ಉಪಕರಣವನ್ನು ಮೆಚ್ಚುವಾಗ ನಾವು ಅವರನ್ನೂ ನೆನೆಯುವುದು ಉಚಿತ.